ಮಘೆಯ ಮೋಡ, ಹವ್ಯಾಸಿಯ ಟಿಪ್ಪಣಿ

1868ರ ಆಗಸ್ಟ್ 18ರ ಬೆಳಿಗ್ಗೆ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವನ್ನು ಸೂರ್ಯನತ್ತ ತಿರುಗಿಸಿಕೊಂಡು ಕಾಯುತ್ತಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಸಂಬಳದ ಕೆಲಸ ಭಾರತದ ತ್ರಿಕೋನಮಿತಿ ಭೂಮಾಪನದ್ದು. ಗ್ರಹಣದ ಕೆಲಸ ಲಂಡನ್ನಿನ ರಾಯಲ್ ಸೊಸೈಟಿ ಒಪ್ಪಿಸಿದ್ದು. ಆ ದಿನದ ಖಗ್ರಾಸದ ನೆರಳು ಕೊಂಕಣ ದಾಟಿ, ವಿಜಯಪುರ-ಜಮಖಂಡಿ ಸೀಮೆಯ ಮೇಲೆ ಹಾದು, ಗುಂಟೂರು, ಮಚಲೀಪಟ್ಟಣದ ಕಡೆಗೆ ಸಾಗುವುದಿತ್ತು. ಸೂರ್ಯ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಮರೆಯಾಗಿರುತ್ತಾನೆ ಎಂಬ ಲೆಕ್ಕ ಬಹಳ ಮುಂಚೆಯೇ ಸಿದ್ಧವಾಗಿತ್ತು. ಲೆಕ್ಕಕ್ಕೆ ಸಿಗದೆ ಉಳಿದದ್ದು ಮೋಡ ಮಾತ್ರ. ನಮ್ಮ ರೈತರ ಎಣಿಕೆಯಲ್ಲಿ ಅದು ಮಘಾ ಮಳೆಯ ಕಾಲ. (ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ನಕ್ಷತ್ರದ ಹೆಸರು ಮಳೆಗೆ ಬರುತ್ತದೆ; ಆದ್ದರಿಂದ ಹೆಸರು ಕೊಟ್ಟ ನಕ್ಷತ್ರ ತನ್ನ ಮಳೆಯ ದಿನಗಳಲ್ಲಿ, ಮೋಡವಿಲ್ಲದಿದ್ದರೂ, ಕಣ್ಣಿಗೆ ಬೀಳುವುದಿಲ್ಲ.) ಜಮಖಂಡಿ ಘಟ್ಟದ ಪೂರ್ವಕ್ಕೆ, ಮಳೆನೆರಳಿನಲ್ಲಿರುವ ಊರು. ಆಗಸ್ಟಿನಲ್ಲಿ ಗ್ರಹಣ ನೋಡಲೇಬೇಕಾದವನಿಗೆ ಕರಾವಳಿಗಿಂತ ಅದು ಎಷ್ಟೋ ಮೇಲು. ಆದರೂ ಮೋಡಗಳು ಹಾಯುತ್ತಲೇ ಇದ್ದವು. ಅವುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಆ ಜ್ವಾಲೆಗಳು ಕಾದು ಬೆಳಗುವ ಅನಿಲ ಎಂಬುದಕ್ಕೆ ಅದೇ ದಿನ ಹಲವು ಊರುಗಳಿಂದ ಬಂದ ಸಾಕ್ಷ್ಯಗಳಲ್ಲಿ ಜಮಖಂಡಿಯದೂ ಒಂದು.

ಆಕಾಶ ವೀಕ್ಷಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ದೂರದರ್ಶಕಗಳ ಚರಿತ್ರೆಯಾಗಿ ಬರೆಯುತ್ತಾರೆ: ಯಾವ ವರ್ಷ ಎಷ್ಟು ಅಂಗುಲದ ಮಸೂರ, ಎಷ್ಟು ಮೀಟರಿನ ದರ್ಪಣ. ಹವ್ಯಾಸಿಗಳ ವಿಷಯದಲ್ಲಿ ಈ ಲೆಕ್ಕ ಅನ್ಯಾಯವಾಗುತ್ತದೆ, ಏಕೆಂದರೆ ಆ ಲೆಕ್ಕದಲ್ಲಿ ಅವರು ಯಾವಾಗಲೂ ಹಿಂದುಳಿದವರೇ. ಅವರ ಕೆಲಸಕ್ಕೆ ಬೆಲೆ ತಂದದ್ದು ಬೇರೊಂದು ಅಭ್ಯಾಸ. ನೋಡುವ ಮುನ್ನ ಆಕಾಶ ಎಂಥದ್ದೆಂದು ಪರೀಕ್ಷಿಸಿ, ಆ ಪರೀಕ್ಷೆಯ ಫಲವನ್ನು ನೋಡಿದ್ದರ ಪಕ್ಕದಲ್ಲೇ ಬರೆದಿಡುವುದು. ಈ ಪರೀಕ್ಷೆಯಲ್ಲಿ ಎರಡು ಬಗೆ. ಯಾವ ಊರು, ಯಾವ ತಿಂಗಳು ಒಳ್ಳೆಯದು ಎಂದು ಆರಿಸಿಕೊಳ್ಳುವುದು ಒಂದು. ಈ ಊರಿನಲ್ಲಿ, ಈ ಗಂಟೆಯಲ್ಲಿ ಆಕಾಶ ಹೇಗಿದೆ ಎಂದು ಅಳೆಯುವುದು ಇನ್ನೊಂದು. ಮೊದಲನೆಯದಕ್ಕೆ ಸರ್ಕಾರದ ಬೊಕ್ಕಸವೋ ಶ್ರೀಮಂತನ ಆಸ್ತಿಯೋ ಬೇಕು. ಎರಡನೆಯದು ಮನೆಯ ಮಾಳಿಗೆ ಬಿಟ್ಟು ಹೋಗಲಾಗದವರ ವಿದ್ಯೆ. ಭಾರತದಲ್ಲಿ ಈ ಎರಡೂ ಹೇಗೆ ಬೆಳೆದವು, ಎಲ್ಲಿ ಒಂದನ್ನೊಂದು ಕೂಡಿದವು ಎಂಬುದನ್ನು ಹಿಂಬಾಲಿಸಿದರೆ ಹವ್ಯಾಸಿಯ ಪಾಲು ಎಷ್ಟೆಂದು ಕಾಣುತ್ತದೆ.

ಊರು ಆರಿಸುವ ವಿದ್ಯೆಯನ್ನು ಭಾರತಕ್ಕೆ ಕಲಿಸಿದವು ಗ್ರಹಣಗಳೇ. 1868ರ ಮೂರು ವರ್ಷಗಳ ನಂತರ, 1871ರ ಡಿಸೆಂಬರ್ 12ರಂದು, ಇನ್ನೊಂದು ಖಗ್ರಾಸ ದಕ್ಷಿಣ ಭಾರತವನ್ನು ಹಾಯಿತು. ಈ ಸಲ ಹೆದರಿಕೆ ಮುಂಗಾರಿನದಲ್ಲ, ಹಿಂಗಾರಿನದು. ಇಂಗ್ಲೆಂಡಿನಿಂದ ಬಂದ ನಾರ್ಮನ್ ಲಾಕ್ಯರ್ ತಾನು ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದ ಕೋಟೆಯಲ್ಲಿ ನಿಂತು, ತನ್ನ ಜೊತೆಗಾರರನ್ನು ಮಾನಂತವಾಡಿ, ಪುದುಕೋಟೆ ಮತ್ತು ಸಿಂಹಳದ ನೆಲೆಗಳಿಗೆ ಹಂಚಿಬಿಟ್ಟ. ಒಂದು ಕಡೆ ಮೋಡ ಕವಿದರೆ ಇನ್ನೊಂದು ಕಡೆಯಾದರೂ ತೆರವಿರಲಿ ಎಂಬ ಲೆಕ್ಕ. ಫ್ರಾನ್ಸಿನ ಪಿಯರ್ ಜಾನ್ಸೆನ್ ಆರಿಸಿಕೊಂಡ ದಾರಿ ಬೇರೆ. ಅವನು ತಾನೊಬ್ಬನೇ ನಿಲ್ಲುವ ಒಂದೇ ಜಾಗವನ್ನು ಹುಡುಕಿ, ನೀಲಗಿರಿಯ ವಾಯವ್ಯದ ಷೋಲೂರಿಗೆ ಹೋದ. ನಕ್ಷೆ ಬಿಡಿಸಿದರೆ ಆ ಆಯ್ಕೆಯ ತರ್ಕ ಹೊಳೆಯುತ್ತದೆ: ಈಶಾನ್ಯದಿಂದ ಬರುವ ಹಿಂಗಾರಿನ ಮೋಡಕ್ಕೆ ಇಡೀ ನೀಲಗಿರಿ ಅಲ್ಲಿ ಅಡ್ಡ ನಿಲ್ಲುತ್ತದೆ. ಬೇಕಲ, ಷೋಲೂರು ಎರಡೂ ಕಡೆ ಗ್ರಹಣ ಚೆನ್ನಾಗಿ ಕಂಡಿತು. ಹಂಚಿ ನಿಲ್ಲುವುದು, ಹುಡುಕಿ ನಿಲ್ಲುವುದು ಎಂಬ ಈ ಎರಡು ತಂತ್ರಗಳೇ ಇಂದಿಗೂ ಗ್ರಹಣದ ಬೆನ್ನು ಹತ್ತುವವರ ತಂತ್ರಗಳು.

ಇಲ್ಲಿಯವರೆಗಿನ ಕಥೆಯಲ್ಲಿ ಹವ್ಯಾಸಿಗಳು ಹೆಚ್ಚಾಗಿ ಇಲ್ಲ. ಅವರು ಗುಂಪಾಗಿ ಭಾರತಕ್ಕೆ ಬಂದದ್ದು 1898ರಲ್ಲಿ. ಬ್ರಿಟಿಷ್ ಆಸ್ಟ್ರಾನಾಮಿಕಲ್ ಅಸೋಸಿಯೇಷನ್ ಎಂಬ ಹವ್ಯಾಸಿಗಳ ಸಂಘ ಹುಟ್ಟಿದ್ದು 1890ರಲ್ಲಿ. ಹೆಂಗಸರನ್ನು ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿ 1916ರವರೆಗೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಹವ್ಯಾಸಿಗಳ ಈ ಸಂಘ ಮೊದಲಿನಿಂದಲೇ ಬಿಟ್ಟುಕೊಂಡಿತು. 1896ರ ಆಗಸ್ಟಿನಲ್ಲಿ ಅದರ ಸದಸ್ಯರು ಹಡಗು ಮಾಡಿಕೊಂಡು ನಾರ್ವೆಯ ಉತ್ತರದ ತುದಿಯ ವಾಡ್ಸೋಗೆ ಹೋಗಿ, ಗ್ರಹಣದ ಹೊತ್ತಿಗೆ ಮೋಡ ನೋಡಿ ಬಂದಿದ್ದರು. ಮುಂದಿನ ಅವಕಾಶ 1898ರ ಜನವರಿ 22ರ ಭಾರತದ ಗ್ರಹಣ. ಆ ವೇಳೆಗೆ ಭಾರತದ ಹವಾಮಾನ ಇಲಾಖೆ ಹುಟ್ಟಿ ಎರಡು ದಶಕ ದಾಟಿತ್ತು; ನಡು ಭಾರತದ ಜನವರಿ ಎಂಥದ್ದೆಂದು ಊಹೆಯಿಂದಲ್ಲ, ಅಂಕಿಗಳಿಂದ ಹೇಳಬಹುದಾಗಿತ್ತು. ಸಂಘದ ಒಂದು ತಂಡ ಬೇರಾರ್ ಪ್ರಾಂತದ ತಾಲ್ನಿಯಲ್ಲಿ, ಇನ್ನೊಂದು ಬಕ್ಸರಿನಲ್ಲಿ ಬೀಡುಬಿಟ್ಟಿತು. ತಾಲ್ನಿಯಲ್ಲಿ ಆನಿ ಮೌಂಡರ್ ತಾನೇ ಹೊಂದಿಸಿಕೊಂಡಿದ್ದ ಒಂದೂವರೆ ಅಂಗುಲದ ಪುಟ್ಟ ಮಸೂರದ ಕ್ಯಾಮೆರಾದಿಂದ ಸೂರ್ಯನ ಸುತ್ತಲಿನ ತೆಳು ಪ್ರಭೆಯಾದ ಕರೋನಾದ ಚಿತ್ರ ತೆಗೆದಳು. ಅದರಲ್ಲಿ ಮೂಡಿದಷ್ಟು ಉದ್ದದ ಕರೋನಾ ಎಳೆ ಆವರೆಗೆ ಯಾರ ಫಲಕದಲ್ಲೂ ಮೂಡಿರಲಿಲ್ಲ. ಸರ್ಕಾರಿ ತಂಡಗಳ ಭಾರಿ ಸಲಕರಣೆಗೆ ಸಿಗದ್ದು ಒಂದೂವರೆ ಅಂಗುಲಕ್ಕೆ ಸಿಕ್ಕಿದ್ದರಲ್ಲಿ ಅವಳ ಜಾಣ್ಮೆಯ ಪಾಲು ದೊಡ್ಡದು. ಧೂಳಡಗಿದ ಜನವರಿಯ ಸ್ವಚ್ಛ ಗಾಳಿಯ ಪಾಲನ್ನು ಅದರಿಂದ ಕಳೆಯಲಾಗದು. ಅಷ್ಟು ತೆಳುವಾದ ಬೆಳಕು ಮಸುಕು ಆಕಾಶದಲ್ಲಿ ಮೊದಲು ಸಾಯುವ ಬೆಳಕು.

ಅದೇ ತಾಲ್ನಿಯ ಬಿಡಾರದಲ್ಲಿ ಜಾನ್ ಎವರ್ಶೆಡ್ ಕೂಡ ಇದ್ದ. ನನ್ನ ವಾದಕ್ಕೆ ಈತನಷ್ಟು ಬೇಕಾದ ಮನುಷ್ಯ ಇನ್ನೊಬ್ಬನಿಲ್ಲ. ಲಂಡನ್ನಿನ ಒಂದು ಕಂಪನಿಯಲ್ಲಿ ನೌಕರಿ ಮಾಡುತ್ತ, ಸರ್ರಿಯ ಕೆನ್ಲಿಯ ಮನೆಯಲ್ಲಿ ಖಾಸಗಿ ವೀಕ್ಷಣಾಲಯ ಕಟ್ಟಿಕೊಂಡು ಸೂರ್ಯನನ್ನು ನೋಡುತ್ತಿದ್ದವನು ಅವನು. ವಾಡ್ಸೋದ ಮೋಡವನ್ನೂ ತಾಲ್ನಿಯ ಬಿಸಿಲನ್ನೂ ಕಂಡವನು. 1907ರಲ್ಲಿ ಕೊಡೈಕನಾಲ್ ವೀಕ್ಷಣಾಲಯಕ್ಕೆ ಸಹಾಯಕ ನಿರ್ದೇಶಕನಾಗಿ ಬಂದ, 1911ರಲ್ಲಿ ನಿರ್ದೇಶಕನಾದ. ಜೊತೆಗೆ ಬಂದ ಹೆಂಡತಿ ಮೇರಿ ಆಕ್ವರ್ಥ್ ಆರ್ ಸ್ವತಃ ಹವ್ಯಾಸಿ ವೀಕ್ಷಕಿ, ದಕ್ಷಿಣದ ಆಕಾಶಕ್ಕೆ ಕೈಪಿಡಿ ಬರೆದವಳು. ಕೊಡೈಕನಾಲ್ ಜಾಗದ ಆಯ್ಕೆಯೂ ಆಕಾಶ ಪರೀಕ್ಷೆಯಿಂದಲೇ ಆದದ್ದು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಚಾರ್ಲ್ಸ್ ಮಿಚಿ ಸ್ಮಿತ್ 1880ರ ದಶಕದಲ್ಲಿ ಪಳನಿ ಮತ್ತು ನೀಲಗಿರಿ ಬೆಟ್ಟಗಳಲ್ಲಿ ಓಡಾಡಿ, ಗಾಳಿ ಎಷ್ಟು ತಿಳಿ, ಎಷ್ಟು ನಿಶ್ಚಲ ಎಂದು ತುಲನೆ ಮಾಡಿದ್ದ. 1899ರಲ್ಲಿ ಮದ್ರಾಸ್ ವೀಕ್ಷಣಾಲಯದ ಖಗೋಳ ಕೆಲಸ ಬೆಟ್ಟಕ್ಕೆ ಸಾಗಿತು. ಅಂದರೆ ಎವರ್ಶೆಡ್ ಬರುವ ಹೊತ್ತಿಗೆ ಊರಿನ ಪ್ರಶ್ನೆ ತೀರಿತ್ತು. ತೀರದೆ ಇದ್ದದ್ದು ಗಂಟೆಯ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. 1868ರ ಗ್ರಹಣದ ಮರುದಿನವೇ ಗುಂಟೂರಿನಲ್ಲಿ ಜಾನ್ಸೆನ್ ಒಂದು ಉಪಾಯ ಕಂಡುಕೊಂಡಿದ್ದ: ಗ್ರಹಣವಿಲ್ಲದೆಯೂ ರೋಹಿತದರ್ಶಕದ ಮೂಲಕ ಸೂರ್ಯನ ಜ್ವಾಲೆಗಳನ್ನು ನೋಡಬಹುದು. ವರ್ಷಗಟ್ಟಲೆ ಕಾದು ಐದು ನಿಮಿಷಕ್ಕೆ ಮೋಡದ ಕೃಪೆ ಬೇಡುವ ಕಷ್ಟ ಅಲ್ಲಿಗೆ ತಪ್ಪಿತಲ್ಲ, ಇನ್ನು ಆಕಾಶ ಪರೀಕ್ಷೆಗೆ ಏನು ಮಹತ್ವ ಎಂದು ಕೇಳಬಹುದು. ನಡೆದದ್ದು ತದ್ವಿರುದ್ಧ. ದಿನವೂ ನೋಡಲು ಸಾಧ್ಯವಾದಾಗಲೇ ದಿನದ ಯಾವ ಗಂಟೆ ಒಳ್ಳೆಯದು ಎಂಬ ಪ್ರಶ್ನೆ ಹುಟ್ಟಿತು. ಮೋಡವಿಲ್ಲದ ಆಕಾಶವೆಲ್ಲ ಒಳ್ಳೆಯ ಆಕಾಶವಲ್ಲ. ಬಿಸಿಯಾದ ಮತ್ತು ತಣ್ಣನೆಯ ಗಾಳಿಯ ಪದರಗಳು ಕಲೆಯುವಾಗ ಅವುಗಳ ಮೂಲಕ ಬರುವ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಹರಿಯುವ ಹೊಳೆಯ ತಳದ ಬೆಣಚುಕಲ್ಲಿನಂತೆ ಬಿಂಬ ಅಲುಗುತ್ತದೆ. ವೀಕ್ಷಕರು ಇದಕ್ಕೆ ಸೀಯಿಂಗ್ ಎನ್ನುತ್ತಾರೆ. ಕೊಡೈಕನಾಲಿನಲ್ಲಿ ಸೂರ್ಯ ಹುಟ್ಟಿದ ನಂತರದ ಮೊದಲ ಕೆಲವು ಗಂಟೆಗಳೇ, ಅಂದರೆ ಬೆಟ್ಟದ ನೆಲ ಕಾದು ಗಾಳಿ ಮೇಲೇಳುವ ಮುನ್ನವೇ, ಸೂರ್ಯಬಿಂಬ ಚೂಪಾಗಿರುತ್ತದೆ. ಸೌರಕಲೆಯೊಳಗಿನ ಅನಿಲ ಕೇಂದ್ರದಿಂದ ಅಂಚಿನ ಕಡೆಗೆ ಹರಿಯುತ್ತದೆ ಎಂದು 1909ರ ಜನವರಿಯಲ್ಲಿ ಎವರ್ಶೆಡ್ ಕಂಡದ್ದು, ಇಂದಿಗೂ ಅವನ ಹೆಸರಿನಲ್ಲೇ ಪಠ್ಯಪುಸ್ತಕಗಳಲ್ಲಿರುವ ಸಂಗತಿ. ಒಂದು ಕಲೆಯ ನಡುವಿಗೂ ಅಂಚಿಗೂ ಇರುವ ವ್ಯತ್ಯಾಸ ರೋಹಿತದ ಗೆರೆಯಲ್ಲಿ ಕಾಣಬೇಕಾದರೆ ಬಿಂಬ ಅಲುಗದೆ ನಿಲ್ಲಬೇಕು. ಅಲುಗುವ ಬಿಂಬದಲ್ಲಿ ನಡು-ಅಂಚು ಬೆರೆತು ಆ ವ್ಯತ್ಯಾಸವೇ ಅಳಿಸಿಹೋಗುತ್ತಿತ್ತು.

ಆಮೇಲೂ ಅವನು ಗಾಳಿಯ ಹಿಂದೆ ಬಿದ್ದವನೇ. ಸೂರ್ಯ ವೀಕ್ಷಣೆಗೆ ಜಾಗ ಪರೀಕ್ಷಿಸಲು 1914ರಲ್ಲಿ ನ್ಯೂಜಿಲೆಂಡಿಗೆ ಹೋದ. 1915ರಲ್ಲಿ ಕಾಶ್ಮೀರಕ್ಕೆ ಹೋಗಿ ಶ್ರೀನಗರದಲ್ಲಿ ತಾತ್ಕಾಲಿಕ ವೀಕ್ಷಣಾಲಯ ಹೂಡಿ, ಆ ಕಣಿವೆಯ ಗಾಳಿ ಸೂರ್ಯನಿಗೆ ಬಹಳ ಚೆನ್ನಾಗಿದೆ ಎಂದು ವರದಿ ಮಾಡಿದ. ಎತ್ತರಕ್ಕೆ ಹೋದಷ್ಟೂ ಒಳ್ಳೆಯದು ಎಂಬ ಆಗಿನ ಸುಲಭದ ನಂಬಿಕೆಗೆ, ನೀರು ಮರ ತುಂಬಿದ ಸಮತಟ್ಟು ಕಣಿವೆಯಿಂದ ಬಂದ ತಿದ್ದುಪಡಿ ಅದು. 1923ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿ, ಮತ್ತೆ ಮನೆಯಂಗಳದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡು ಮುದಿವಯಸ್ಸಿನವರೆಗೂ ಕೆಲಸ ಮಾಡಿದ. ಹವ್ಯಾಸಿಯಾಗಿ ಶುರುಮಾಡಿ ಹವ್ಯಾಸಿಯಾಗಿಯೇ ಮುಗಿಸಿದವನಿಗೆ ನಡುವಿನ ಹದಿನಾರು ವರ್ಷದ ಸರ್ಕಾರಿ ಚಾಕರಿ ಒಂದು ವಿರಾಮದಂತೆ ಕಾಣಿಸುತ್ತದೆ.

ನನ್ನ ವಾದವನ್ನು ಮುರಿಯಲು ಎತ್ತಬಹುದಾದ ದೊಡ್ಡ ಉದಾಹರಣೆ ಅಮೆರಿಕದ್ದು. ಪರ್ಸಿವಲ್ ಲೊವೆಲ್ ಶ್ರೀಮಂತ ಹವ್ಯಾಸಿ. ಮಂಗಳ ಗ್ರಹ ನೋಡಲು ಅವನಷ್ಟು ಶಿಸ್ತಿನಿಂದ ಜಾಗ ಹುಡುಕಿದವರು ಅವನಿಗಿಂತ ಮೊದಲು ವಿರಳ. 1894ರಲ್ಲಿ ಎ.ಇ. ಡಗ್ಲಸ್‌ನನ್ನು ಆರು ಅಂಗುಲದ ದೂರದರ್ಶಕ ಕೊಟ್ಟು ಅರಿಜೋನಾದ ಊರೂರಿಗೆ ಕಳಿಸಿ, ಗಾಳಿ ಪರೀಕ್ಷೆ ಮಾಡಿಸಿ, ಕೊನೆಗೆ ಫ್ಲಾಗ್‌ಸ್ಟಾಫ್ ಆರಿಸಿದ. ಆಮೇಲೆ ಅಲ್ಲಿ ಕುಳಿತು ಮಂಗಳದ ಮೇಲೆ ಇಲ್ಲದ ಕಾಲುವೆಗಳನ್ನು ನೂರಾರು ಸಂಖ್ಯೆಯಲ್ಲಿ ಕಂಡ. ಆಕಾಶವನ್ನು ಅಷ್ಟು ಪರೀಕ್ಷಿಸಿದವನೇ ಅಷ್ಟು ದಾರಿ ತಪ್ಪಿದರೆ ಪರೀಕ್ಷೆಯಿಂದ ಬಂದ ಲಾಭವೇನು? ಉತ್ತರ ಯೂಜೀನ್ ಆಂಟೋನಿಯಾಡಿಯಲ್ಲಿದೆ. ಈತ ಬ್ರಿಟಿಷ್ ಹವ್ಯಾಸಿ ಸಂಘದ ಮಂಗಳ ವಿಭಾಗವನ್ನು ವರ್ಷಗಟ್ಟಲೆ ನಡೆಸಿದವನು. ಸೀಯಿಂಗನ್ನು ಅಂದಾಜಿಸಲು ಒಂದರಿಂದ ಐದರವರೆಗೆ ರೋಮನ್ ಅಂಕಿಗಳ ಮೆಟ್ಟಿಲು ಮಾಡಿಕೊಟ್ಟವನೂ ಈತನೇ: ಒಂದು ಎಂದರೆ ಒಂದಿಷ್ಟೂ ಕದಲದ ಬಿಂಬ, ಐದು ಎಂದರೆ ಗೀಚು ಚಿತ್ರವೂ ಬರೆಯಲಾಗದಷ್ಟು ಕೆಟ್ಟದ್ದು. 1909ರಲ್ಲಿ ಪ್ಯಾರಿಸ್ಸಿನ ಹೊರವಲಯದ ಮ್ಯೂಡನ್ನಿನ 83 ಸೆಂಟಿಮೀಟರ್ ದೂರದರ್ಶಕವನ್ನು ಬಳಸಲು ಅವನಿಗೆ ಅವಕಾಶ ಸಿಕ್ಕಿತು. ಮಹಾನಗರದ ಅಂಚಿನ ಆ ಜಾಗ ಫ್ಲಾಗ್‌ಸ್ಟಾಫಿಗೆ ಸಮವೇ ಅಲ್ಲ. ಆದರೆ ಸೆಪ್ಟೆಂಬರ್ 20ರ ರಾತ್ರಿ ಗಾಳಿ ಅಪರೂಪಕ್ಕೆ ನಿಂತಿತು. ನಿಂತಿದೆ ಎಂದು ಗುರುತಿಸಿ ಬರೆದುಕೊಳ್ಳುವ ಅಳತೆಗೋಲು ಅವನಲ್ಲಿತ್ತು. ಆ ಹೊತ್ತಿನಲ್ಲಿ ಕಾಲುವೆಗಳು ಕರಗಿ, ಅವುಗಳ ಜಾಗದಲ್ಲಿ ಅಂಕುಡೊಂಕು ಮಚ್ಚೆಗಳು ಕಂಡವು. ಲೊವೆಲ್ ಒಳ್ಳೆಯ ಊರನ್ನು ಆರಿಸಿ, ಊರು ಒಳ್ಳೆಯದಾದ್ದರಿಂದ ಕಂಡದ್ದೂ ನಿಜ ಎಂದು ನಂಬಿದ. ಆಂಟೋನಿಯಾಡಿ ಸಾಧಾರಣ ಊರಿನಲ್ಲಿ ಕುಳಿತು, ಯಾವ ರಾತ್ರಿಯ ಸಾಕ್ಷ್ಯಕ್ಕೆ ಎಷ್ಟು ಬೆಲೆ ಎಂದು ತೂಗಿದ.

ಈ ತೂಗುವ ವಿದ್ಯೆಯನ್ನು ಭಾರತದಲ್ಲಿ ಬಹಳ ಕಾಲ ನಡೆಸಿದವರಲ್ಲಿ ಒಬ್ಬರು ರಾಧಾಗೋವಿಂದ ಚಂದ್ರ. 1878ರಲ್ಲಿ ಜೆಸ್ಸೋರ್ ಬಳಿಯ ಬಾಗ್‌ಚರ್ ಊರಿನಲ್ಲಿ ಹುಟ್ಟಿದವರು, ಜೆಸ್ಸೋರಿನ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಸಣ್ಣ ನೌಕರಿಯಲ್ಲಿದ್ದವರು. ಪ್ರವೇಶ ಪರೀಕ್ಷೆಯನ್ನೇ ದಾಟಲಾಗದೆ ಓದು ನಿಂತಿತ್ತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಬೈನಾಕ್ಯುಲರಿನಲ್ಲಿ ನೋಡಿದರು. 1912ರಲ್ಲಿ ಮೂರು ಅಂಗುಲದ ದೂರದರ್ಶಕ ತರಿಸಿಕೊಂಡರು. (ಅದೇ ಹ್ಯಾಲಿಯ ಉತ್ಸಾಹದಲ್ಲಿ ಕಲ್ಕತ್ತೆಯಲ್ಲಿ 1910ರಲ್ಲಿ ಒಂದು ಖಗೋಳ ಸಂಘವೂ ಹುಟ್ಟಿತ್ತು, ಸಿ.ವಿ. ರಾಮನ್ ಅದರ ಸದಸ್ಯರಾಗಿದ್ದರು. ಸಂಘ ಹೆಚ್ಚು ಕಾಲ ಬಾಳಲಿಲ್ಲ.) 1918ರ ಜೂನಿನಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹೊಸ ತಾರೆಯೊಂದು ಹೊತ್ತಿಕೊಂಡಾಗ ಚಂದ್ರ ಅದನ್ನು ತಾವಾಗಿಯೇ ಗಮನಿಸಿ ಹಾರ್ವರ್ಡಿಗೆ ಬರೆದರು. ಅಲ್ಲಿಂದ ಅಮೆರಿಕದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘದ ನಂಟು ಬೆಳೆಯಿತು. 1926ರಲ್ಲಿ ಆ ಸಂಘ ಆರೂಕಾಲು ಅಂಗುಲದ ದೂರದರ್ಶಕವೊಂದನ್ನು ಹಡಗಿನಲ್ಲಿ ಅವರ ಹಳ್ಳಿಗೆ ಕಳಿಸಿಕೊಟ್ಟಿತು. 1950ರ ದಶಕದವರೆಗೆ ಅವರು ಒಪ್ಪಿಸಿದ ವೀಕ್ಷಣೆಗಳು 37 ಸಾವಿರಕ್ಕೂ ಹೆಚ್ಚು. ಅವುಗಳ ಬೆಲೆ ಎಣಿಕೆಯಲ್ಲಷ್ಟೇ ಇಲ್ಲ. ಬಂಗಾಳದಲ್ಲಿ ರಾತ್ರಿಯಾದಾಗ ಅಮೆರಿಕದಲ್ಲಿ ಹಗಲು. ಅಲ್ಲಿನವರ ದಾಖಲೆಯ ಸಂದುಗಳನ್ನು ಈ ಒಂಟಿ ವೀಕ್ಷಕ ತುಂಬುತ್ತಿದ್ದರು.

ಚರಕಾಂತಿ ನಕ್ಷತ್ರದ ವೀಕ್ಷಣೆ ಎಂದರೆ, ಕಾಂತಿ ಬದಲಾಗುವ ತಾರೆಯನ್ನು ಅದರ ಸುತ್ತಲಿನ ಕಾಂತಿಮಾನ ಗೊತ್ತಿರುವ ತಾರೆಗಳ ಜೊತೆ ಹೋಲಿಸಿ, ಇದಕ್ಕಿಂತ ಮಂಕು, ಅದಕ್ಕಿಂತ ಪ್ರಖರ ಎಂದು ಅಂದಾಜು ಕಟ್ಟುವುದು. ಜರ್ಮನಿಯ ಆರ್ಗೆಲಾಂಡರ್ 1844ರಲ್ಲೇ ಈ ವಿಧಾನವನ್ನು ಹವ್ಯಾಸಿಗಳ ಮುಂದಿಟ್ಟು ಅವರ ನೆರವು ಕೇಳಿದ್ದ. ಇಲ್ಲಿಯೂ ಒಂದು ಜಾಣ ಆಕ್ಷೇಪವಿದೆ: ಮಂಜು ಮುಸುಕಿದರೆ ಎಲ್ಲ ತಾರೆಗಳ ಮೇಲೂ ಒಂದೇ ಸಮ ಮುಸುಕುತ್ತದೆ, ಹೋಲಿಕೆ ಕೆಡುವುದಿಲ್ಲ, ಹಾಗಿದ್ದರೆ ಆಕಾಶ ಹೇಗಿತ್ತೆಂದು ಬರೆಯುವುದು ಏಕೆ? ಮಾತು ಅರ್ಧ ನಿಜ. ತಾರೆಗಳು ಒತ್ತಿಗೆ ಒತ್ತಾಗಿ, ಒಂದೇ ಎತ್ತರದಲ್ಲಿದ್ದಾಗ ಮಾತ್ರ ಅದು ಸಲ್ಲುತ್ತದೆ. ಒಂದು ದಿಗಂತದ ಬಳಿ, ಇನ್ನೊಂದು ಸಾಕಷ್ಟು ಮೇಲಿದ್ದರೆ ಕೆಳಗಿನದರ ಬೆಳಕು ಹೆಚ್ಚು ದಪ್ಪ ಗಾಳಿಯನ್ನು ಹಾದು ಬರುತ್ತದೆ. ತೆಳು ಮೋಡ ಎಂದೂ ಸಮನಾಗಿ ಹರಡುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ತಾರೆ ಕಾಣದೇ ಹೋದ ರಾತ್ರಿ. ಕೆಲವು ಚರಕಾಂತಿ ತಾರೆಗಳು ತಿಂಗಳುಗಟ್ಟಲೆ ದೂರದರ್ಶಕದ ಅಳವಿಗಿಂತ ಕೆಳಕ್ಕೆ ಇಳಿದುಬಿಡುತ್ತವೆ. ಆಗ ಬರೆಯಬೇಕಾದದ್ದು 'ಕಾಣಲಿಲ್ಲ' ಎಂದು. ಬರೀ 'ಕಾಣಲಿಲ್ಲ' ಎಂಬ ಟಿಪ್ಪಣಿಗೆ ಮೂರು ಕಾಸಿನ ಬೆಲೆಯಿಲ್ಲ. ತಾರೆ ಮಂಕಾಗಿತ್ತೋ ಆಕಾಶ ಮಂಕಾಗಿತ್ತೋ ತಿಳಿಯುವುದಿಲ್ಲ. ಅದೇ ಕ್ಷೇತ್ರದಲ್ಲಿ ಆ ರಾತ್ರಿ ಕಂಡ ಅತಿ ಮಂಕು ತಾರೆ ಯಾವುದು ಎಂದು ಗುರುತಿಸಿ, 'ಅದಕ್ಕಿಂತ ಮಂಕು' ಎಂದು ಬರೆದರೆ ಆ ಇಲ್ಲದಿರುವಿಕೆಯೇ ಒಂದು ಅಳತೆಯಾಗುತ್ತದೆ. ಚರಕಾಂತಿ ವೀಕ್ಷಕರ ಸಂಘ ಇಂದಿಗೂ ಇಂಥ ವೀಕ್ಷಣೆಗಳನ್ನು ಪ್ರತ್ಯೇಕ ಗುರುತು ಹಾಕಿ ಸ್ವೀಕರಿಸುತ್ತದೆ. ವರದಿಯ ಜೊತೆ ಒಂದಕ್ಷರದ ಸಂಕೇತಗಳನ್ನೂ ಕೇಳುತ್ತದೆ: ಚಂದ್ರ, ಸಂಜೆಬೆಳಕು, ಊರಬೆಳಕುಗಳಿಂದ ಆಕಾಶ ಬೆಳ್ಳಗಿದ್ದರೆ 'ಬಿ', ಮೋಡ ಧೂಳು ಹೊಗೆ ಇದ್ದರೆ 'ಯು', ಸೀಯಿಂಗ್ ಕೆಟ್ಟಿದ್ದರೆ 'ಡಬ್ಲ್ಯೂ', ತಾರೆ ದಿಗಂತಕ್ಕೆ ಹತ್ತಿರವಿದ್ದರೆ 'ಎಲ್'. ಐವತ್ತು ವರ್ಷದ ನಂತರ ಆ ಅಂಕಿಯನ್ನು ಬಳಸುವವನಿಗೆ ವೀಕ್ಷಕನ ಹೆಸರು, ಪದವಿ ಯಾವುದೂ ಬೇಕಿಲ್ಲ. ಈ ಅಕ್ಷರ ಬೇಕು.

ದೇಶ ಒಡೆದ ಮೇಲೆ ಚಂದ್ರ ಪಶ್ಚಿಮ ಬಂಗಾಳದ ಬಾರಾಸಾತ್‌ಗೆ ಬಂದರು. ಅವರ ಆರೂಕಾಲು ಅಂಗುಲದ ದೂರದರ್ಶಕ ಕೊನೆಗೆ ವೈನು ಬಪ್ಪು ಅವರ ಕೈ ಸೇರಿತು. ಇದು ಬರೀ ಆಕಸ್ಮಿಕ ಎನ್ನಲಾರೆ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಸಿಬ್ಬಂದಿಯ ಮಗನಾಗಿ ಬೆಳೆದ ಬಪ್ಪು ಹುಡುಗನಾಗಿದ್ದಾಗಲೇ ಚರಕಾಂತಿ ತಾರೆಗಳನ್ನು ನೋಡಿ, ಪದವಿ ಮುಗಿಯುವ ಮುಂಚೆಯೇ ಆ ಕುರಿತು ಬರೆದವರು. 1960ರಲ್ಲಿ ಕೊಡೈಕನಾಲಿನ ನಿರ್ದೇಶಕರಾದಾಗ ಅವರ ಎದುರಿಗಿದ್ದ ತೊಡಕು, ಸೂರ್ಯನಿಗೆ ಒಗ್ಗಿದ ಆ ಬೆಟ್ಟ ರಾತ್ರಿಯ ತಾರೆಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ ಎಂಬುದು. ಹುಡುಕಾಟ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ನಿಂತಿತು. ಎತ್ತರ ಸುಮಾರು 725 ಮೀಟರ್, ಕೊಡೈಕನಾಲಿನ ಮೂರನೆಯ ಒಂದು ಭಾಗದಷ್ಟೂ ಇಲ್ಲ. ಆದರೆ ಸುತ್ತ ಕಾಡು, ಊರಬೆಳಕು ದೂರ, ದಕ್ಷಿಣದ ಆಕಾಶ ಆಳದವರೆಗೂ ಕಾಣುತ್ತದೆ. 1968ರಲ್ಲಿ ಕೊಡೈಕನಾಲಿನಲ್ಲೇ ಕಟ್ಟಿದ 38 ಸೆಂಟಿಮೀಟರಿನ ದೂರದರ್ಶಕದಿಂದ ಅಲ್ಲಿ ಕೆಲಸ ಆರಂಭವಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ತಾರೆಯನ್ನು ಮರೆಮಾಡುವ ಮುನ್ನ ಆ ತಾರೆಯ ಬೆಳಕು ಕ್ಷಣಕಾಲ ಕುಂದಿದ್ದನ್ನು ಕಾವಲೂರೂ ದಾಖಲಿಸಿತು. ಯುರೇನಸ್ಸಿಗೆ ಬಳೆಗಳಿವೆ ಎಂಬ ಶೋಧಕ್ಕೆ ಒದಗಿದ ಪುರಾವೆಗಳಲ್ಲಿ ಅದೂ ಸೇರಿತು. ತಾರೆಯ ಬೆಳಕು ಒಂದು ಕ್ಷಣ ಕುಂದಿದರೆ ಅದು ಬಳೆಯಿಂದಲೋ ಹಾಯುವ ತುಣುಕು ಮೋಡದಿಂದಲೋ ಎಂದು ತೀರ್ಮಾನಿಸಬೇಕಾದರೆ ಆ ಹೊತ್ತಿನ ಆಕಾಶದ ಸಾಕ್ಷಿ ಬೇಕು, ಇಲ್ಲವೇ ಬೇರೆ ಕಡೆಯವರಿಗೂ ಹಾಗೆಯೇ ಕಂಡಿರಬೇಕು.

ಕರ್ನಾಟಕದಲ್ಲಿ ಹವ್ಯಾಸ ಸಂಘಟಿತ ರೂಪ ಪಡೆದದ್ದು ಹೆಚ್ಚುಕಡಿಮೆ ಅದೇ ದಶಕದಲ್ಲಿ. ಬೆಂಗಳೂರಿನ ಹವ್ಯಾಸಿ ಖಗೋಳಜ್ಞರ ಸಂಘ ಹುಟ್ಟಿದ್ದು 1970ರ ದಶಕದಲ್ಲಿ, ಜಿ.ಟಿ. ನಾರಾಯಣರಾವ್ ಕನ್ನಡದ ಓದುಗರಿಗೆ ಬರಿಗಣ್ಣಿನ ಆಕಾಶವನ್ನು ಪರಿಚಯಿಸುತ್ತ ಬಂದದ್ದೂ ಆ ಕಾಲದಲ್ಲೇ. 1980ರ ಫೆಬ್ರವರಿ 16ರ ಖಗ್ರಾಸ ಅಂಕೋಲೆಯಿಂದ ರಾಯಚೂರಿನವರೆಗೆ ರಾಜ್ಯವನ್ನು ಸೀಳಿಕೊಂಡು ಹೋಯಿತು. ಮಳೆಯಿಲ್ಲದ ತಿಂಗಳಾದ್ದರಿಂದ ಮೋಡದ ಚಿಂತೆ ಅಷ್ಟಾಗಿ ಇರಲಿಲ್ಲ. ಜನರನ್ನು ಮನೆಯೊಳಗೆ ಕೂರಿಸಿದ್ದು ಭಯ. ಆಮೇಲಿನ ಶತ್ರು ಮೋಡವೂ ಅಲ್ಲ, ಭಯವೂ ಅಲ್ಲ, ಬೀದಿದೀಪ. ಆಕಾಶ ಎಷ್ಟು ಕತ್ತಲೆಯಾಗಿದೆ ಎಂದು ಬರಿಗಣ್ಣಿನಿಂದಲೇ ಅಳೆಯಲು ಒಂಬತ್ತು ಮೆಟ್ಟಿಲಿನ ಅಳತೆಗೋಲನ್ನು 2001ರಲ್ಲಿ ಜಾನ್ ಬಾರ್ಟಲ್ ಪ್ರಕಟಿಸಿದ. ಈತನೂ ಧೂಮಕೇತು ಮತ್ತು ಚರಕಾಂತಿ ತಾರೆಗಳನ್ನು ದಶಕಗಟ್ಟಲೆ ನೋಡಿದ ಅಮೆರಿಕದ ಹವ್ಯಾಸಿ. ಮೊದಲ ಮೆಟ್ಟಿಲಿನಲ್ಲಿ ಆಕಾಶಗಂಗೆಯ ಬೆಳಕಿಗೆ ನೆಲದ ಮೇಲೆ ನೆರಳು ಬೀಳುತ್ತದೆ. ಒಂಬತ್ತನೆಯದರಲ್ಲಿ ಕೃತ್ತಿಕೆಯನ್ನು ಬಿಟ್ಟರೆ ಬೇರೆ ಗೊಂಚಲುಗಳು ಕಾಣುವುದೇ ಕಷ್ಟ. ಸೀಯಿಂಗಿಗೆ ಆಂಟೋನಿಯಾಡಿ, ಕತ್ತಲೆಗೆ ಬಾರ್ಟಲ್: ಎರಡು ಅಳತೆಗೋಲುಗಳೂ ಹವ್ಯಾಸಿಗಳ ಕೈಯಿಂದ ಬಂದವು. ಬೆಟ್ಟದ ತುದಿಯ ವೀಕ್ಷಣಾಲಯದವನಿಗೆ ಒಂಬತ್ತನೆಯ ಮೆಟ್ಟಿಲು ಹೇಗಿರುತ್ತದೆಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ.

ಈಗ ಇದೆಲ್ಲ ಹಳೆಯ ಕಾಲದ ಶ್ರಮ ಎನ್ನುವವರಿದ್ದಾರೆ. ಇನ್ಸಾಟ್ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ದೇಶದ ಮೋಡದ ಚಿತ್ರ ಕಳಿಸುತ್ತವೆ. ಫೋನು ಮುಂದಿನ ಮೂರು ದಿನದ ಮೋಡವನ್ನು ಗಂಟೆಗಂಟೆಗೂ ಹೇಳುತ್ತದೆ. ಕೆನಡಾದ ಹವ್ಯಾಸಿ ಅಟಿಲಾ ಡಾಂಕೋ ಅಲ್ಲಿನ ಹವಾಮಾನ ಕೇಂದ್ರದ ಅಲನ್ ರಾಹಿಲ್ ಅವರ ಲೆಕ್ಕಗಳನ್ನು ಬಳಸಿ, ಉತ್ತರ ಅಮೆರಿಕದ ಸಾವಿರಾರು ಊರುಗಳಿಗೆ ಮೋಡ, ಗಾಳಿಯ ತಿಳಿ, ಸೀಯಿಂಗ್, ಕತ್ತಲೆಗಳನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಪಟ್ಟಿಯನ್ನೇ ಕಟ್ಟಿಕೊಟ್ಟಿದ್ದಾರೆ. ಈ ಅನುಕೂಲವನ್ನು ಅಲ್ಲಗಳೆಯುವುದು ಮೂರ್ಖತನ. ಅದು ಯಾವ ಬಗೆಯ ಪರೀಕ್ಷೆ ಎಂದು ಮಾತ್ರ ನೋಡಬೇಕು. ಲೆಕ್ಕದ ಮಾದರಿ ಇಡೀ ಪ್ರದೇಶವನ್ನು ಹಲವು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೆ ಒಂದೊಂದು ಅಂಕಿ ಕೊಡುತ್ತದೆ. ಪಕ್ಕದ ಮನೆಯ ಕಾದ ತಾರಸಿಯಿಂದ ಏಳುವ ಬಿಸಿಗಾಳಿ ಅದಕ್ಕೆ ಗೊತ್ತಿಲ್ಲ. ರಾತ್ರಿಯ ಉಪಗ್ರಹ ಚಿತ್ರ ಅತಿಗೆಂಪು ಬೆಳಕಿನದು. ಮೋಡದ ತಲೆ ಎಷ್ಟು ತಂಪು ಎಂದು ಅದು ನೋಡುತ್ತದೆ. ನೆಲಕ್ಕೂ ಮಂಜಿಗೂ ತಾಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಚಳಿಗಾಲದ ರಾತ್ರಿಯಲ್ಲಿ ತಗ್ಗಿನ ಮಂಜನ್ನೂ, ಮೇಲಿನ ಅತಿ ತೆಳು ಮೋಡವನ್ನೂ ಅದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಒಳ್ಳೆಯ ರಾತ್ರಿ ಎಂಬುದು ಒಂದೇ ಅಲ್ಲ. ಮಳೆ ಹೊಯ್ದು ಧೂಳು ತೊಳೆದ ಮೇಲೆ ಗಾಳಿ ತಿಳಿಯಾಗಿರುತ್ತದೆ, ತಾರೆಗಳು ಜೋರಾಗಿ ಮಿನುಗುತ್ತವೆ: ಮಂಕು ನೀಹಾರಿಕೆ ನೋಡಲು ಸೊಗಸು, ಗುರುವಿನ ಪಟ್ಟೆ ನೋಡಲು ಕೆಟ್ಟದ್ದು. ಮಬ್ಬು ಕವಿದ ನಿಶ್ಚಲ ರಾತ್ರಿ ಇದರ ತಿರುಗುಮುರುಗು. ಹೆಚ್ಚು ಮಿನುಗುವ ರಾತ್ರಿಯನ್ನು ಹೊಸಬರು ಒಳ್ಳೆಯ ರಾತ್ರಿ ಎಂದು ಸಂಭ್ರಮಿಸಿ, ದೂರದರ್ಶಕದಲ್ಲಿ ಶನಿಯ ಬಳೆ ಕದಡಿದ್ದನ್ನು ನೋಡಿ ಯಂತ್ರವನ್ನು ದೂರುವುದು ಇದರಿಂದಲೇ.

ಸರಾಸರಿಯನ್ನೇ ನಂಬಿ ಕೆಟ್ಟದ್ದಕ್ಕೆ 2009ರ ಜುಲೈ 22ರ ಗ್ರಹಣ ಸಾಕ್ಷಿ. ಮುಂಗಾರಿನ ನಡುವೆ ಬಂದ ಆ ಖಗ್ರಾಸಕ್ಕೆ ಬಿಹಾರದ ತಾರೇಗಣಾ ಅತ್ಯುತ್ತಮ ಜಾಗ ಎಂದು ಮೊದಲೇ ಪ್ರಚಾರವಾಗಿ ಸಾವಿರಾರು ಜನ ಅಲ್ಲಿ ನೆರೆದರು. ಆ ಬೆಳಗು ತಾರೇಗಣಾಕ್ಕೆ ಮೋಡ ಮುಚ್ಚಿತು. ವಾರಾಣಸಿಯ ಘಟ್ಟಗಳಲ್ಲಿ ಗ್ರಹಣ ಕಂಡಿತು. ಹಲವು ವರ್ಷಗಳ ಮೋಡದ ಸರಾಸರಿಯಲ್ಲಿ ತಾರೇಗಣಾ ಮೇಲು ಎಂಬ ಲೆಕ್ಕ ಸುಳ್ಳಾಗಿರಲಿಲ್ಲ. ಆ ಲೆಕ್ಕ ಒಂದು ನಿರ್ದಿಷ್ಟ ಬೆಳಗಿನ ಬಗ್ಗೆ ಏನನ್ನೂ ಹೇಳಿರಲಿಲ್ಲ ಅಷ್ಟೆ. ಹಿಂದಿನ ಸಂಜೆಯ ಉಪಗ್ರಹ ಚಿತ್ರ ನೋಡಿ ವಾಹನ ಹತ್ತುವ ಸಿದ್ಧತೆ ಇದ್ದವರಿಗೆ ಅದು ಉಪಯೋಗಕ್ಕೆ ಬರುತ್ತಿತ್ತು, ಜಾಗ ಹಿಡಿದು ಕೂತವರಿಗಲ್ಲ.

ಕೊನೆಗೆ ಉಳಿಯುವ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ: ಹವ್ಯಾಸ ಎಂದರೆ ಸಂತೋಷ, ಅದಕ್ಕೆ ಖಾತೆಪುಸ್ತಕ ಏಕೆ? ಚಂದ್ರನ ಕುಳಿಗಳನ್ನು ಮಕ್ಕಳಿಗೆ ತೋರಿಸುವವನು ಸೀಯಿಂಗ್ ಅಂಕಿ ಬರೆಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಹೆಚ್ಚಿನ ಹವ್ಯಾಸಿಗಳು ಒಂದಲ್ಲ ಒಂದು ದಿನ, ತಾವು ಕಂಡದ್ದು ನಿಜವೇ ಎಂದು ಕೇಳಿಕೊಳ್ಳುತ್ತಾರೆ. ಕ್ಯಾಮೆರಾದ ಫಲಿತಾಂಶ ನಿನ್ನೆಗಿಂತ ಇಂದು ಏಕೆ ಕೆಟ್ಟಿತು ಎಂದು ಹುಡುಕುತ್ತಾರೆ. ಆ ಪ್ರಶ್ನೆಗೆ ಉತ್ತರ ನೆನಪಿನಲ್ಲಿ ಇರುವುದಿಲ್ಲ, ಬರೆದದ್ದರಲ್ಲಿ ಇರುತ್ತದೆ. ಊರು ಆರಿಸುವ ವಿದ್ಯೆಯೂ ಗಂಟೆ ಅಳೆಯುವ ವಿದ್ಯೆಯೂ ಒಂದೇ ಕಡೆ ಕೂಡುವ ಬದಲಾವಣೆಯೂ ಈಚಿನ ದಶಕಗಳಲ್ಲಿ ಆಗಿದೆ. ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ ನಿಲ್ಲಿಸಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಮೇಲೆ ಊರಬೆಳಕಿನ ಮಬ್ಬು ಕವಿದ ಹೊಸಕೋಟೆಯಲ್ಲಿ ಕುಳಿತವರು ಹಾನ್ಲೆಯ ಮೋಡ, ತೇವಾಂಶ, ಗಾಳಿಯ ವೇಗಗಳನ್ನು ಪರದೆಯ ಮೇಲೆ ನೋಡದೆ ಗುಮ್ಮಟ ತೆರೆಸುವುದಿಲ್ಲ. 2022ರ ಕೊನೆಯಲ್ಲಿ ಹಾನ್ಲೆಯ ಸುತ್ತಲ ಸುಮಾರು ಸಾವಿರ ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲೆ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ದೂರದರ್ಶಕ ಕೊಟ್ಟು, ಬರುವ ಪ್ರವಾಸಿಗರಿಗೆ ಆಕಾಶ ತೋರಿಸುವವರನ್ನಾಗಿ ಮಾಡಲಾಗಿದೆ. ಕಿಟಕಿಗೆ ಪರದೆ, ದೀಪಕ್ಕೆ ಮುಚ್ಚಳ ಹಾಕುವುದು ಅವರ ಊರಿನ ಕಟ್ಟಳೆ. 2023ರಿಂದ ದೇಶದ ಹವ್ಯಾಸಿಗಳ ಕೂಟವೂ ಅಲ್ಲಿ ನಡೆಯುತ್ತಿದೆ, ಮುಂಗಾರು ಹಿಂದೆ ಸರಿಯುವ ಕಾಲದ ಅಮಾವಾಸ್ಯೆಯ ಆಸುಪಾಸಿನಲ್ಲಿ. ಬಂದವರು ತಮ್ಮ ತಮ್ಮ ಯಂತ್ರ ಹೂಡಿದ ಮೇಲೆ, ಒಂದೇ ಬಯಲಿನಲ್ಲಿ ಹತ್ತು ಹೆಜ್ಜೆ ಅಂತರದಲ್ಲಿರುವ ಇಬ್ಬರಿಗೂ ಸೀಯಿಂಗ್ ಒಂದೇ ಇರಬೇಕೆಂದಿಲ್ಲ. ಒಬ್ಬನ ಕೊಳವೆ ಇನ್ನೂ ಹಗಲಿನ ಕಾವು ಬಿಡುತ್ತಿರಬಹುದು.